ನುಚ್ಚಿನ ತಬಕು

ದಾವಣಗೆರೆ
೧೬ ಜೂನ್ ೧೯೫೮

ಶ್ರೀ ಉಚ್ಚೆಂಗಪ್ಪನವರಿಗೆ, ಮಂಡಕ್ಕಿ ಭಟ್ಟಿಯ ಕುತುಬುದ್ದೀನ್ ಬರೆಯುವುದು.

ನಾವೆಲ್ಲ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದು ಪದ್ಧತಿ. ಕೇಳಿದ್ದೇನೆ ಎಂದುಕೊಳ್ಳಿ, ಉತ್ತರದ ಅಗತ್ಯವಿಲ್ಲ.

ಎರಡು ವರ್ಷದ ಮೇಲೆ ಈ ಕಾಗದ ಬರೆಯುತ್ತಿರುವುದು ಒಂದು ಹಿತ್ತಾಳೆ ತಬಕಿಗಾಗಿ. ಅದು ಖೈರುನ್ನೀಸಾಳ ತವರಿನಿಂದ ಬಂದದ್ದು, ಅಂಚಿಗೆ ಬಳ್ಳಿ ಕೆತ್ತಿದ್ದು. ಚಳಿಗಾಲದಲ್ಲಿ ನಮ್ಮ ಮಗಳು ಶಮೀಮಳ ಮದುವೆ. ಬೇರೆ ತಬಕು ಕೊಂಡುಕೊಡುತ್ತೇನೆ ಅಂದರೆ ಖೈರುನ್ನೀಸಾ, "ಪ್ಯಾಟ್ಯಾಗಿಂದು ನನಗ್ಯಾಕ? ಅಮ್ಮಿ ಕೊಟ್ಟಿದ್ದು ಹರಿಹರದಾಗ ಐತೆ, ತರಿಸಿಕೊಡ್ರಿ" ಎಂದು ಬೆಳಗಿನಿಂದ ರಾತ್ರಿಯವರೆಗೆ ಅದೇ ರಾಗ. ಮಸಾಲೆ ದೋಸೆ ತಿನ್ನಲು ಹರಿಹರದವರು ದಿನವೂ ಇಲ್ಲಿಗೆ ಬರುತ್ತಾರೆ. ಯಾರ ಕೈಯಲ್ಲಾದರೂ ಕಳಿಸಿ.

ಆ ತಬಕು ನಿಮ್ಮ ಮನೆಗೆ ಯಾಕೆ ಬಂತೆಂದು ನಾನು ನೆನಪಿಸಬೇಕಾಗಿಲ್ಲ. ಬೇಯಿಸಿದ ಭತ್ತವನ್ನು ನಮ್ಮ ಅಜ್ಜನ ಕಾಲದಿಂದ ಕಣದಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತಿದ್ದೆವು. ನೀವು ಬಟ್ಟೆ ಮಿಲ್ಲಿನಲ್ಲಿ ಫಿಟರ್ ಆಗಿದ್ದವರು, ನನ್ನ ಜೊತೆ ಪಾಲಿಗೆ ಬಂದವರು, ಸೂರ್ಯನಿಗೇ ಬುದ್ಧಿ ಹೇಳಲು ಹೊರಟಿರಿ. ಭಟ್ಟಿಯ ಹೊಗೆಯನ್ನು ತಗಡಿನ ಕೊಳವೆಯಲ್ಲಿ ಅಟ್ಟದ ಕೆಳಗೆ ಹರಿಸಿ, ಮೇಲೆ ಬಿದಿರುತಟ್ಟಿಯ ಮೇಲೆ ಭತ್ತ ಹಾಕಿದರೆ ಮಳೆಗಾಲದಲ್ಲೂ ಅರ್ಧ ದಿನದಲ್ಲಿ ಒಣಗುತ್ತದೆ ಎಂದಿರಿ. ಒಣಗಿತು. ಅಕ್ಕಿ ಮಾಡಿಸಿದರೆ ಕಾಳಿಗೆ ಕಾಳು ಮುರಿದು ಬರೀ ನುಚ್ಚು. ನುಚ್ಚು ಉಸುಕಿನಲ್ಲಿ ಅರಳುವುದಿಲ್ಲ, ಸೀಯುತ್ತದೆ ಎಂಬುದು ಭಟ್ಟಿಯ ಬೆಕ್ಕಿಗೂ ಗೊತ್ತು. ಆ ಕೊಳವೆಯನ್ನು ನಾನು ಗುಜರಿಗೆ ಹಾಕಿದ್ದೇನೆ. ಅಟ್ಟದಲ್ಲಿ ಈಗ ಕೋಳಿಗಳಿವೆ, ಅವಕ್ಕೆ ಅದು ಒಪ್ಪುತ್ತದೆ.

ಇನ್ನೊಂದು ಸುದ್ದಿ. ಕಣದ ಜಾಗದ ಯಜಮಾನ ಕೊಟ್ಟೂರಪ್ಪ ದೀಪಾವಳಿಗೆ ಜಾಗ ಬಿಡಿ, ಮನೆ ಕಟ್ಟಿಸುತ್ತೇನೆ ಅನ್ನುತ್ತಿದ್ದಾನೆ. ಕಣ ಹೋದರೆ ಭಟ್ಟಿ ಹೋದಂತೆ. ಇದನ್ನು ಸುದ್ದಿ ಎಂದು ಬರೆದಿದ್ದೇನೆಯೇ ಹೊರತು ಸಲಹೆ ಕೇಳಿ ಅಲ್ಲ.

ಇಂತಿ,
ಕುತುಬುದ್ದೀನ್


ಹರಿಹರ
೨೫ ಜೂನ್ ೧೯೫೮

ಶ್ರೀ ಕುತುಬುದ್ದೀನ್ ಸಾಹೇಬರಿಗೆ, ಉಚ್ಚೆಂಗಪ್ಪನ ನಮಸ್ಕಾರ.

ಕಾಗದ ತಲುಪಿತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಅಟ್ಟದಲ್ಲಿರುವ ಕೋಳಿಗಳ ಕೈಯಲ್ಲೇ ಬರೆಸಿದಿರೋ ಏನೋ.

ತಬಕು ಯಾಕೆ ಬಂತೆಂದು ನನಗೆ ನೆನಪಿದೆ. ಹೇಗೆ ಬಂತೆಂಬುದು ನಿಮಗೆ ಮರೆತಂತಿದೆ. ಕೆಂಪು ಬಟ್ಟೆ ಮುಚ್ಚಿ, ಮುಂದೆ ಸೂರಪ್ಪನ ಕೈಯಲ್ಲಿ ತಮಟೆ ಹೊಡೆಸಿ, ನಿಮ್ಮ ಆಳಿನ ಕೈಯಲ್ಲಿ ಭಟ್ಟಿ ಓಣಿಯ ಈ ತುದಿಯಿಂದ ಆ ತುದಿಗೆ ಮೆರೆಸಿಕೊಂಡು ಬಂತು. ಶಮೀಮಳಿಗೆ ಗಂಡು ಗೊತ್ತಾಯಿತು, ಸಿಹಿ ಕಳಿಸಿದ್ದಾರೆ ಎಂದುಕೊಂಡು ನಮ್ಮ ಮನೆಯವಳು ಹೊನ್ನಕ್ಕ ಕೈ ತೊಳೆದು, ಸೆರಗು ಹೊದ್ದು ಬಂದು ತಗೊಂಡಳು. ನೆರೆಯ ಹೆಂಗಸರ ಎದುರಿಗೆ ಬಟ್ಟೆ ತೆಗೆದಳು. ನುಚ್ಚು. ಓಣಿಗೆ ಓಣಿಯೇ ನಕ್ಕಿತು. ನನ್ನನ್ನು ನೋಡಿ ನಕ್ಕಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆನೇನೋ, ಅವಳನ್ನು ನೋಡಿ ನಕ್ಕರು. ಆ ರಾತ್ರಿ ಅವಳು ಅದೇ ನುಚ್ಚನ್ನು ಬೇಯಿಸಿ ಬಡಿಸಿದಳು. "ಅನ್ನಕ್ಕೇನು ಗೊತ್ತು, ಉಣ್ರಿ" ಅಂದಳು. ಉಂಡೆ. ಮರುದಿನ ಊರು ಬಿಟ್ಟೆವು.

ಈಗ ತಬಕಿನ ವಿಚಾರ. ತುಂಬಿ ಬಂದ ಪಾತ್ರೆಯನ್ನು ಬರಿದು ಕಳಿಸುವ ರೂಢಿ ನಮ್ಮಲ್ಲಿಲ್ಲ, ನಿಮ್ಮಲ್ಲೂ ಇಲ್ಲ. ನುಚ್ಚು ತುಂಬಿ ಬಂದದ್ದಕ್ಕೆ ನಾನು ಇಡಿ ಅಕ್ಕಿ ತುಂಬಿ ಕಳಿಸಬೇಕು. ಹೊಗೆಯಲ್ಲಿ ಒಣಗಿಸಿದ ಭತ್ತದ್ದೇ ಅಕ್ಕಿ. ಅಲ್ಲಿಯವರೆಗೆ ಅದು ನಮ್ಮ ಗೋಡೆಗೆ ಒರಗಿಕೊಂಡಿರುತ್ತದೆ. ಇಲ್ಲಿ ಅಕ್ಕಿ ಗಿರಣಿಯ ಮಾಲತೇಶಪ್ಪ ನನಗೆ ಒಂದು ಮೂಲೆ ಕೊಟ್ಟಿದ್ದಾನೆ, ಅಟ್ಟ ಕಟ್ಟಿದ್ದೇನೆ.

ನಿಮ್ಮ ಅಜ್ಜನ ಕಣದ ಬಗ್ಗೆಯೂ ಒಂದು ಮಾತು. ಅದರಲ್ಲಿ ಗುಬ್ಬಿ ತಿಂದಿದ್ದು ಒಂದು ಪಾಲು, ಆಡು ಮೇಯ್ದಿದ್ದು ಒಂದು ಪಾಲು, ಉಳಿದದ್ದರಲ್ಲಿ ಬೀದಿಯ ಧೂಳು, ಆಡಿನ ಹಿಕ್ಕೆ. ದಾವಣಗೆರೆ ಮಂಡಕ್ಕಿ ತಿಂದವರ ಹಲ್ಲಿಗೆ ಕಲ್ಲು ಸಿಕ್ಕಿದಾಗೆಲ್ಲ ನಿಮ್ಮ ಅಜ್ಜನ ನೆನಪಾಗುತ್ತದೆ. ಕೊಟ್ಟೂರಪ್ಪ ಮನೆ ಕಟ್ಟಿಸಲಿ. ಊರಿನ ಹಲ್ಲು ಉಳಿಯುತ್ತವೆ.

ಇಂತಿ,
ಉಚ್ಚೆಂಗಪ್ಪ


ದಾವಣಗೆರೆ
೧೨ ಜುಲೈ ೧೯೫೮

ಉಚ್ಚೆಂಗಪ್ಪನವರಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಟ್ಟದಲ್ಲಿ ಒಣಗಿಸಲಾರದವನಿಗೆ ಕಣ ಕೊಳಕು.

ಆರಿದ್ರಾ ಮಳೆ ಹೋಯಿತು, ಪುನರ್ವಸು ಹಿಡಿದಿದೆ. ಬೇಯಿಸಿದ ಭತ್ತ ಕಣದಲ್ಲಿದೆ. ಹರವಿದರೆ ಹನಿ ಬೀಳುತ್ತದೆ, ಗುಡಿಸಿ ಒಳಗೆ ಹಾಕಿದರೆ ಬಿಸಿಲು ಬರುತ್ತದೆ. ಹೆಂಗಸರು ಪೊರಕೆ ಹಿಡಿದು ಆಕಾಶ ನೋಡುತ್ತ ಕೂತಿದ್ದಾರೆ. ಮೊನ್ನೆಯ ರಾಶಿ ಹುಳಿ ವಾಸನೆ ಬಂದು ಎಮ್ಮೆಗೆ ಹಾಕಿದೆವು, ಎಮ್ಮೆ ಮೂಸಿ ಮುಖ ತಿರುಗಿಸಿತು. ಭಟ್ಟಿ ತಣ್ಣಗಿದೆ. ಇದನ್ನು ಓದಿ ನಿಮಗೆ ಹೊಟ್ಟೆ ತಂಪಾಗಬಹುದು, ಆಗಲಿ. ಆದರೂ ಹುಳಿ ಬಂದ ಭತ್ತಕ್ಕೆ ಮಾನ ಇರುತ್ತದೆ. ಅದು ದೇವರ ಮಳೆಯಿಂದ ಕೆಟ್ಟದ್ದು, ಮನುಷ್ಯನ ಬುದ್ಧಿವಂತಿಕೆಯಿಂದಲ್ಲ.

ಇಡಿ ಅಕ್ಕಿ ತುಂಬಿ ಕಳಿಸುತ್ತಾನಂತೆ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪಾಗಲಿಲ್ಲ, ನಿನ್ನ ಜಂಬವೂ ಆಗಲಿಲ್ಲ. ನೀನು ತುಂಬಿ ಕಳಿಸುವ ಹೊತ್ತಿಗೆ ಶಮೀಮಳ ಮಗಳಿಗೆ ಮದುವೆಯಾಗಿರುತ್ತದೆ. ಮುಂದಿನ ವಾರ ಉಕ್ಕಡಗಾತ್ರಿಯ ಕಡೆ ಭತ್ತ ನೋಡಲು ಹೋಗುವುದಿದೆ. ಹರಿಹರದಲ್ಲಿ ಇಳಿದು ತಬಕು ನಾನೇ ಎತ್ತಿಕೊಂಡು ಹೋಗುತ್ತೇನೆ. ನೀವು ಮನೆಯಲ್ಲಿಲ್ಲದಿದ್ದರೆ ಒಳ್ಳೆಯದು, ಹೊನ್ನಕ್ಕನ ಕೈಯಲ್ಲಿ ಕೊಟ್ಟಿಟ್ಟರೆ ಸಾಕು.

ಕುತುಬುದ್ದೀನ್


ಹರಿಹರ
೪ ಆಗಸ್ಟ್ ೧೯೫೮

ಕುತುಬುದ್ದೀನ್,

ತಬಕು ಒಯ್ಯಲು ಬಂದವನು ತಬಕು ಬಿಟ್ಟು ಹೋದೆ, ಸಾಲದ್ದಕ್ಕೆ ಕೊಡೆಯನ್ನೂ ಬಿಟ್ಟು ಹೋದೆ. ನಿನ್ನಂಥವನನ್ನು ನಂಬಿ ನಿನ್ನ ಅಪ್ಪ ಭಟ್ಟಿ ಕೊಟ್ಟು ಹೋದನಲ್ಲ, ಅವನ ಧೈರ್ಯ ದೊಡ್ಡದು.

ಮನೆಗೆ ಹೋಗಬೇಕಾದವನು ಗಿರಣಿಗೆ ಯಾಕೆ ಬಂದೆ? ನಾನು ತಟ್ಟಿ ಖಾಲಿ ಮಾಡಿ, ಅರ್ಧ ಒಣಗಿದ ಭತ್ತವನ್ನು ತಿರುವಿ ಹಾಕಲೆಂದು ಕೆಳಗೆ ಗುಡ್ಡೆ ಮಾಡಿದ್ದೆ. ನೀನು ಬಾಗಿಲಲ್ಲಿ ನಿಂತು, "ಏನ್ರಿ ಫಿಟರ್ ಸಾಹೇಬ್ರ, ಇವತ್ತು ಎಷ್ಟು ಮಂದಿ ಕೋಳಿಗೆ ಊಟ?" ಅಂದೆ. ಆಮೇಲೆ ನಡೆದದ್ದಕ್ಕೆ ಗಿರಣಿಯ ಹಮಾಲರೆಲ್ಲ ಸಾಕ್ಷಿ. ಮಧ್ಯಾಹ್ನ ಶುರುವಾದದ್ದು ದೀಪ ಹಚ್ಚುವವರೆಗೆ. ನನ್ನ ಅಪ್ಪನನ್ನು ಬಿಡಲಿಲ್ಲ ನೀನು, ನಾನು ನಿನ್ನ ಅಜ್ಜನನ್ನು ಬಿಡಲಿಲ್ಲ. ಮಾಲತೇಶಪ್ಪ ಎರಡು ಸಲ ಚಹಾ ತರಿಸಿಕೊಟ್ಟು, "ನಿಲ್ಲಿಸಬ್ಯಾಡ್ರಿ, ನಾಟಕದ ಕಂಪನಿ ಬಂದು ಭಾಳ ದಿನ ಆಗಿತ್ತು" ಅಂದ. ಆ ಗುಡ್ಡೆ ಮಳೆ ಎರಚಲಿಗೆ ನೆನೆಯದಿರಲೆಂದು ಯಾರೋ ಗೋಣಿಚೀಲ ಹೊದಿಸಿದ್ದರು. ನೀನು ಹೋದ ಮೇಲೆ ಕೋಪದಲ್ಲೇ ತಟ್ಟಿಗೆ ಹಾಕಿ, ಸಣ್ಣ ಉರಿಯಲ್ಲಿ ಒಣಗಿಸಿದೆ.

ಈಗ ಸರಿಯಾಗಿ ಕೂತುಕೊಂಡು ಓದು. ಆ ಭತ್ತದ ಅಕ್ಕಿ ಇಡಿಯಾಗಿ ಬಂದಿದೆ. ನುಚ್ಚು ಹುಡುಕಿದರೂ ಸಿಗುವುದಿಲ್ಲ. ನಾನು ಕೊಳವೆಯ ಬಾಯಿ ಅಗಲ ಮಾಡಿದ್ದೆ, ಅದರ ಫಲ. ಹೊನ್ನಕ್ಕ ಮಾತ್ರ, "ಅಣ್ಣ ಬಂದು ಹೋದ್ರಲ್ಲ, ಅವರ ಕಾಲ್ಗುಣ" ಅನ್ನುತ್ತಾಳೆ. ನಿನ್ನ ಕಾಲಿಗೆ ಅಂಥ ಗುಣ ಇದ್ದಿದ್ದರೆ ನಿನ್ನ ಕಣಕ್ಕೆ ಯಾಕೆ ಹತ್ತಲಿಲ್ಲ ಅಂದೆ. ಒಂದು ಹಿಡಿ ಪೊಟ್ಟಣ ಕಟ್ಟಿ ಬಸ್ಸಿನವನ ಕೈಯಲ್ಲಿ ಕಳಿಸಿದ್ದೇನೆ. ಹುರಿದು ನೋಡು, ಆಮೇಲೆ ಮಾತಾಡು. ಇನ್ನೊಂದೆರಡು ಸಲ ಹೀಗೇ ಬಂದರೆ ತಬಕು ತುಂಬಿ ಬರುತ್ತದೆ.

ಉಚ್ಚೆಂಗಪ್ಪ


ದಾವಣಗೆರೆ
೧೩ ಆಗಸ್ಟ್ ೧೯೫೮

ಉಚ್ಚೆಂಗಪ್ಪ,

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಈಗ ಕಾಗೆ ಊರ ತುಂಬ ತನ್ನ ತೂಕದ ಬಗ್ಗೆ ಹೇಳಿಕೊಂಡು ತಿರುಗಲಿ.

ಪೊಟ್ಟಣ ಬಂತು. ಹುರಿದೆ. ಖೈರುನ್ನೀಸಾ ತಿಂದು, "ಇನ್ನೊಂದು ಹಿಡಿ ಐತೇನ್ರಿ?" ಎಂದು ಕೇಳಿದಳು. ಖಾಲಿ ಪೊಟ್ಟಣ ತೋರಿಸಿದೆ. ಅವಳು ನನ್ನ ಮುಖ ನೋಡಿ ನಕ್ಕಳು, ಯಾಕೆಂದು ಗೊತ್ತಿಲ್ಲ.

ಕೊಟ್ಟೂರಪ್ಪ ಮತ್ತೆ ಬಂದಿದ್ದ. ಕಣವನ್ನು ಹೆಜ್ಜೆ ಹಾಕಿ ಅಳೆದ. ಅಡುಗೆಮನೆ ಎಲ್ಲಿ ಬರುತ್ತದೆ, ದೇವರಮನೆ ಎಲ್ಲಿ ಬರುತ್ತದೆ ಎಂದು ನಮ್ಮ ಭತ್ತದ ಮೇಲೇ ನಡೆದಾಡುತ್ತ ತೋರಿಸಿದ. ಚಪ್ಪಲಿ ಬಿಟ್ಟು ನಡಿ ಎಂದೆ. "ನನ್ನ ಜಾಗದಾಗ ನಾ ಹೆಂಗ ಬೇಕಾದ್ರೂ ನಡೀತೀನಿ" ಅಂದ. ಆ ಸಿಟ್ಟು ಇನ್ನೂ ಇದೆ. ಅದನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಎಂದುಕೊಂಡರೆ ತಪ್ಪಿಲ್ಲ.

ಕೊಡೆ ಕಳಿಸು.

ಕುತುಬುದ್ದೀನ್


ಹರಿಹರ
೨ ಸೆಪ್ಟೆಂಬರ್ ೧೯೫೮

ಕುತುಬುದ್ದೀನ್ ಸಾಹೇಬರಿಗೆ,

ನಗುವುದಿದ್ದರೆ ಈಗ ನಗಬಹುದು. ಸೂರಪ್ಪನನ್ನೂ ಕರೆಸಿಕೊಳ್ಳಿ.

ನೀವು ಬಂದು ಹೋದ ಮೇಲೆ ಹಾಕಿದ ಪ್ರತಿ ರಾಶಿಯೂ ನುಚ್ಚು. ಕೊಳವೆಯ ಬಾಯಿ ಅಗಲ ಮಾಡಿದೆ, ಕಿರಿದು ಮಾಡಿದೆ. ಹೊಟ್ಟಿನ ಉರಿ ಹಾಕಿದೆ, ಸೌದೆಯ ಉರಿ ಹಾಕಿದೆ. ಆಳುಗಳಿಗೆ ಒಂದು ಚಣ ಬಿಡುವು ಕೊಡದೆ, ಭತ್ತ ತಟ್ಟಿಯಿಂದ ಇಳಿಯದ ಹಾಗೆ ಒಂದೇ ಸಮನೆ ಒಣಗಿಸಿದೆ. ಅಚ್ಚುಕಟ್ಟಾಗಿ ಮಾಡಿದಷ್ಟೂ ಪುಡಿಪುಡಿ. ಆ ಒಂದು ದಿನ ಮಾತ್ರ ಹೇಗೆ ಬಂತೋ ಆ ಹರಿಹರೇಶ್ವರನಿಗೇ ಗೊತ್ತು.

ಮಾಲತೇಶಪ್ಪನಿಗೆ ಬೇಸರ ಬಂದಿದೆ. ನಿನ್ನೆ ಹಮಾಲರ ಎದುರಿಗೇ, "ಉಚ್ಚೆಂಗಪ್ಪ, ಅಟ್ಟ ಬಿಚ್ಚಿಬಿಡು. ಬಿದಿರಾದ್ರೂ ಹಂದರಕ್ಕಾಗ್ತೈತೆ" ಅಂದ. ಈ ತಿಂಗಳ ಕೊನೆಗೆ ಬಿಚ್ಚುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ನನಗೆ ಐವತ್ತು ದಾಟಿತು. ಎರಡು ಊರಿನಲ್ಲಿ ನಗೆಪಾಟಲಾದದ್ದು ಸಾಕು. ಮೂರನೆಯ ಊರು ಹುಡುಕುವ ಶಕ್ತಿ ಇಲ್ಲ.

ಮುಂದಿನ ವಾರ ತಬಕು ಖಾಲಿಯೇ ಕಳಿಸುತ್ತೇನೆ. ಹೊನ್ನಕ್ಕ ಬೇಡವೆಂದು ಅಳುತ್ತಿದ್ದಾಳೆ, ಕಡೇ ಪಕ್ಷ ಒಂದು ಉಂಡೆ ಬೆಲ್ಲ ಇಡುತ್ತೇನೆ ಅನ್ನುತ್ತಾಳೆ. ಬೇಡ ಎಂದಿದ್ದೇನೆ. ತುಂಬಲಾಗದ ಮೇಲೆ ಖಾಲಿಯಾಗಿ ಕಳಿಸುವುದೇ ಮರ್ಯಾದೆ. ಗೆದ್ದಿರಿ. ಶಮೀಮಳಿಗೆ ನನ್ನ ಆಶೀರ್ವಾದ ತಿಳಿಸಿ.

ಇಂತಿ,
ಉಚ್ಚೆಂಗಪ್ಪ


ದಾವಣಗೆರೆ
೪ ಸೆಪ್ಟೆಂಬರ್ ೧೯೫೮

ಉಚ್ಚೆಂಗಪ್ಪ,

ಖಾಲಿ ತಬಕು ನನ್ನ ಬಾಗಿಲಿಗೆ ಬಂದರೆ ತಂದವನ ತಲೆಗೇ ಅದನ್ನು ಟೋಪಿ ಮಾಡಿ ವಾಪಸ್ ಅಟ್ಟುತ್ತೇನೆ. ನನಗೆ 'ಸಾಹೇಬರು', 'ಗೆದ್ದಿರಿ' ಎಂದೆಲ್ಲ ಬರೆಯಲು ನಿನಗೆ ಕೈ ಹೇಗೆ ಬಂತು? ಬೈದು ಬರೆದ ಕಾಗದ ಎಷ್ಟು ಬೇಕಾದರೂ ಓದುತ್ತೇನೆ. ಇಂಥ ಹೆಣದ ಕಾಗದ ಓದಲಾರೆ. ರಾತ್ರಿ ಊಟ ಸೇರಲಿಲ್ಲ.

ನೀನು ಮೂರ್ಖ ಎಂದು ಮೊದಲಿನಿಂದ ಗೊತ್ತಿತ್ತು. ಆದರೆ ಕಣ್ಣೆದುರಿಗೆ ಬಿದ್ದದ್ದೂ ಕಾಣದಷ್ಟು ಎಂದು ಗೊತ್ತಿರಲಿಲ್ಲ. ಆ ದಿನ ನೀನು ನನ್ನ ಅಮ್ಮನ ಅಡುಗೆಯ ಬಗ್ಗೆ ಒಂದು ಮಾತು ಅಂದೆಯಲ್ಲ, ಆಗ ನಿನ್ನ ಮುಖಕ್ಕೆ ಎಸೆಯಬೇಕೆಂದು ಗೋಣಿಯೊಳಗೆ ಕೈ ತೂರಿಸಿ ಗುಡ್ಡೆಯಿಂದ ಭತ್ತ ತೆಗೆದೆ. ನೆನಪಿದೆಯೇ? ಎಸೆಯಲಿಲ್ಲ. ಯಾಕೆ ಎಸೆಯಲಿಲ್ಲ ಎಂದರೆ ಭತ್ತ ಬೆವರಿತ್ತು. ಮೇಲೆ ಗರಿಗರಿಯಾಗಿ ಒಣಗಿ ಇಳಿಸಿದ್ದು, ಗೋಣಿಯ ಕೆಳಗೆ ಕೂತು ಕೂತು ಒಳಗಿನ ನೀರು ಹೊರಗೆ ಬಿಟ್ಟು ನನ್ನ ಅಂಗೈ ಒದ್ದೆಯಾಯಿತು. ನಿನ್ನೆ ಕಾಗದ ಓದಿ ನಿನ್ನನ್ನು ಬೈಯುತ್ತ ಓಡಾಡುವಾಗ ಆ ಒದ್ದೆ ಅಂಗೈ ನೆನಪಾಯಿತು.

ನಿನ್ನ ಅಟ್ಟ ಭತ್ತದ ಸಿಪ್ಪೆಯನ್ನು ಒಣಗಿಸುತ್ತದೆ, ಹೊಟ್ಟೆಯನ್ನಲ್ಲ. ಹೊರಗೆ ಬಿಗಿದು ಒಳಗೆ ಹಸಿಯಿದ್ದರೆ ಕಾಳು ಸೀಳದೆ ಇನ್ನೇನು ಮಾಡುತ್ತದೆ? ನಮ್ಮ ಕಣದಲ್ಲಿ ಸಂಜೆಗೆ ಗುಡಿಸಿ ರಾಶಿ ಮಾಡುತ್ತೇವೆ, ಬೆಳಿಗ್ಗೆ ಮತ್ತೆ ಹರವುತ್ತೇವೆ. ಆಡು ತಿನ್ನದಿರಲಿ ಎಂದು ಮಾಡುತ್ತೇವೆ ಎಂದುಕೊಂಡಿದ್ದೆ. ರಾತ್ರಿಯೆಲ್ಲ ಭತ್ತ ಸುಧಾರಿಸಿಕೊಳ್ಳುತ್ತಿತ್ತು ಎಂದು ನನ್ನ ಅಜ್ಜನಿಗೂ ಗೊತ್ತಿರಲಿಕ್ಕಿಲ್ಲ. ಹೌದು, ಇದನ್ನು ನಾನೇ ಬರೆಯುತ್ತಿದ್ದೇನೆ, ಎರಡನೆಯ ಸಲ ಬರೆಯುವುದಿಲ್ಲ. ಆ ದಿನ ನಾವು ಜಗಳಾಡಿದಷ್ಟು ಹೊತ್ತೂ ನಿನ್ನ ಭತ್ತಕ್ಕೆ ಬಿಡುವು ಸಿಕ್ಕಿತು. ಆಮೇಲೆ ನೀನು ಬುದ್ಧಿವಂತನಾದೆ, ಅದು ಕೆಟ್ಟಿತು.

ಅರ್ಧ ಒಣಗಿಸಿ ಇಳಿಸು. ಗುಡ್ಡೆ ಮಾಡಿ ಗೋಣಿ ಹೊದಿಸು. ಕೈ ಹಾಕಿದರೆ ಬೆವರು ಸಿಗಬೇಕು. ಆಮೇಲೆ ಸಣ್ಣ ಉರಿ. ನಡುವೆ ಹೊತ್ತು ಹೋಗದಿದ್ದರೆ ಮಾಲತೇಶಪ್ಪನನ್ನು ಬೈಯುತ್ತ ಕೂತಿರು. ಅವನಿಗೂ ಮನೆಯಲ್ಲಿ ಅಜ್ಜ ಇದ್ದಿರಬೇಕು.

ಅಟ್ಟ ಬಿಚ್ಚಿದೆಯೋ, ಸುಮ್ಮನಿರುವುದಿಲ್ಲ.

ಕುತುಬುದ್ದೀನ್


ಹರಿಹರ
೨೯ ಸೆಪ್ಟೆಂಬರ್ ೧೯೫೮

ಕುತುಬುದ್ದೀನ್,

ತಬಕು ಕಳಿಸಿದ್ದೇನೆ. ರೈಲಿನಲ್ಲಿ ಬರುವ ಮಾಲತೇಶಪ್ಪನ ಅಳಿಯನ ತೊಡೆಯ ಮೇಲೆ ಬರುತ್ತದೆ. ಅವನು ದಾರಿಯಲ್ಲಿ ಒಂದು ಕಾಳು ಬಾಯಿಗೆ ಹಾಕಿಕೊಂಡಿದ್ದರೂ ಮುಖ ನೋಡಿ ಹೇಳಬಹುದು, ಅವನು ಅಂಥವನೇ.

ಮೇಲೆ ಮುಚ್ಚಿದ್ದು ಅದೇ ಕೆಂಪು ಬಟ್ಟೆ. ಹೊನ್ನಕ್ಕ ಎರಡು ವರ್ಷದಿಂದ ಅದನ್ನು ಒಗೆದು ಮಡಿಸಿ ಇಟ್ಟಿದ್ದಳು. ನನಗೇ ಗೊತ್ತಿರಲಿಲ್ಲ. ಒಳಗೆ ಏನಿದೆ ಎಂದು ಬರೆಯುವುದಿಲ್ಲ. ತೆಗೆದು ನೋಡು.

ನಿನ್ನ ಮಾತು ಕೇಳಿ ಮಾಡಿದ್ದಲ್ಲ. ನನಗೂ ಹಾಗೇ ಅನ್ನಿಸಿತ್ತು, ನಿನ್ನ ಕಾಗದ ಸ್ವಲ್ಪ ಮುಂಚೆ ಬಂತು ಅಷ್ಟೆ. ಮಾಲತೇಶಪ್ಪ ಈಗ ಇನ್ನೊಂದು ಅಟ್ಟ ಕಟ್ಟು ಅನ್ನುತ್ತಿದ್ದಾನೆ. ನಾಲಿಗೆಗೆ ಮೂಳೆ ಇಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದೇನೆ.

ಕೊಡೆ ಕಳಿಸಿಲ್ಲ. ಇಲ್ಲಿ ಇನ್ನೂ ಮಳೆ ಇದೆ.

ಉಚ್ಚೆಂಗಪ್ಪ


ದಾವಣಗೆರೆ
೮ ಅಕ್ಟೋಬರ್ ೧೯೫೮

ಉಚ್ಚೆಂಗಪ್ಪ,

ತಬಕು ಬಂತು. ಆ ಅಳಿಯನ ಮೀಸೆಯಲ್ಲಿ ಒಂದು ಕಾಳು ಇತ್ತು.

ಬಟ್ಟೆಯನ್ನು ನಾನು ತೆಗೆಯಲಿಲ್ಲ, ಖೈರುನ್ನೀಸಾ ತೆಗೆದಳು. ತಬಕಿನ ತುಂಬ ಇಡಿ ಅಕ್ಕಿ. ಬೆರಳಿನಲ್ಲಿ ಅತ್ತಿತ್ತ ಸರಿಸಿ ನೋಡಿದಳು. ಧೂಳಿಲ್ಲ, ಕಲ್ಲಿಲ್ಲ, ಒಂದು ನುಚ್ಚಿಲ್ಲ. "ಇದನ್ನ ಹುರೀಬ್ಯಾಡ್ರಿ. ಮೊದ್ಲು ಓಣಿಗೆ ತೋರಿಸಿ ಬರ್ರಿ" ಅಂದಳು. ನನಗೂ ಅದೇ ಮನಸ್ಸಿತ್ತು, ಅವಳು ಸ್ವಲ್ಪ ಮುಂಚೆ ಅಂದಳು ಅಷ್ಟೆ.

ಸೂರಪ್ಪನನ್ನು ಕರೆಸಿದೆ. ತಮಟೆ ಕಾಯಿಸಿಕೊಂಡು ಬಂದ. "ಯಾರ ಮಾನ ತೆಗೀಬೇಕ್ರಿ ಈ ಸಲ?" ಎಂದು ಕೇಳಿದ. ಸುಮ್ಮನೆ ಬಾರಿಸು ಎಂದೆ. ಈ ಸಲ ತಬಕನ್ನು ಆಳಿನ ಕೈಗೆ ಕೊಡಲಿಲ್ಲ. ನಾನೇ ತಲೆಯ ಮೇಲೆ ಹೊತ್ತೆ. ಬಟ್ಟೆ ಮುಚ್ಚಲಿಲ್ಲ. ಭಟ್ಟಿ ಓಣಿಯ ಆ ತುದಿಯಿಂದ, ನೀವಿದ್ದ ಮನೆಯ ಬಾಗಿಲಿನಿಂದ ಹೊರಟು ಈ ತುದಿಯವರೆಗೆ, ಪ್ರತಿ ಭಟ್ಟಿಯ ಮುಂದೆಯೂ ಇಳಿಸಿ ತೋರಿಸಿದೆ. ಆ ದಿನ ನಕ್ಕವರೆಲ್ಲ ಇದ್ದರು, ಯಾರೂ ಸತ್ತಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದರು. "ಮಳ್ಯಾಗ ಹೆಂಗ ಒಣಗಿಸಿದ್ರಿ? ಯಾರ ಅಕ್ಕಿ ಇದು?" ಎಂದು ಕೇಳಿದರು. "ಉಚ್ಚೆಂಗಪ್ಪಂದು" ಅಂದೆ. ಕೇಳಿಸಲಿಲ್ಲ ಅಂದವರಿಗೆ ಇನ್ನೊಮ್ಮೆ ಗಟ್ಟಿಯಾಗಿ ಅಂದೆ. ಅವರ ಮುಖಗಳನ್ನು ನೀನು ನೋಡಬೇಕಿತ್ತು. ಇಂಥವರ ಜೊತೆ ಸೇರಿ ನಾನೂ ನಕ್ಕಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಲ್ಲಿಂದ ನೇರವಾಗಿ ಕೊಟ್ಟೂರಪ್ಪನ ಮನೆಗೆ ಹೋಗಿ ಕಣ ಬಿಟ್ಟುಕೊಟ್ಟೆ. ದೀಪಾವಳಿಯವರೆಗೆ ಕಾಯಲಿಲ್ಲ. "ಇಷ್ಟು ಬೇಗ ಯಾಕ?" ಎಂದು ಅವನಿಗೇ ಗಾಬರಿ. ನಿನ್ನ ದೇವರಮನೆ ಬೇಗ ಕಟ್ಟಿಸಿಕೋ, ದೇವರು ಮಳೆಯಲ್ಲಿ ನೆನೆಯಬಾರದು ಎಂದೆ. ನಿನ್ನೆಯಿಂದ ಅಲ್ಲಿ ಪಾಯ ಅಗೆಯುತ್ತಿದ್ದಾರೆ.

ಈಗ ನನಗೆ ಒಂದು ಹಿಡಿ ಭತ್ತ ಹರವಲೂ ಜಾಗವಿಲ್ಲ. ಮದುವೆಯಲ್ಲಿ ಆಚೆ ಈಚೆ ಓಡಾಡುವ ಮೊದಲು ಈ ತಬಕು ಒಂದು ಸಲ ಹೊನ್ನಕ್ಕನಿಗೆ ಮಂಡಕ್ಕಿ ತುಂಬಿಕೊಂಡು ಹೋಗಬೇಕೆಂದು ಖೈರುನ್ನೀಸಾ ಹಟ ಹಿಡಿದಿದ್ದಾಳೆ. ನೀನು ಕಳಿಸಿದ ಅಕ್ಕಿ ಓಣಿಯವರು ಕಚ್ಚಿ ನೋಡುವುದರಲ್ಲೇ ಮುಗಿಯಿತು. ಒಣಗಿದ ಭತ್ತವಿಲ್ಲದೆ ಯಾವ ಮಂಡಕ್ಕಿ? ಆದ್ದರಿಂದ ಹೊನ್ನಕ್ಕನನ್ನು ಕರೆದುಕೊಂಡು ನೀನೇ ಬಾ. ಅಟ್ಟದಿಂದ ಕೋಳಿಗಳನ್ನು ಇಳಿಸಿದ್ದೇನೆ. ಅವು ನಿನಗಿಂತ ಜಾಸ್ತಿ ಜಗಳ ಮಾಡಿದವು.

ತಗಡು ತರಬೇಡ. ಕೊಳವೆಯನ್ನು ಗುಜರಿಗೆ ಹಾಕಿದೆ ಎಂದು ಬರೆದಿದ್ದೆನಲ್ಲ, ಹಾಕಿಲ್ಲ. ಗುಜರಿಯವನು ಬಂದಿದ್ದ, ಅವನ ಮುಖ ಸರಿಕಾಣಲಿಲ್ಲ, ಕೊಡಲಿಲ್ಲ. ಭಟ್ಟಿಯ ಹಿಂದೆ ಒರಗಿಸಿಟ್ಟಿದ್ದೇನೆ. ತುಕ್ಕು ಹಿಡಿಯದಿರಲೆಂದು ಪ್ರತಿ ಮಳೆಗಾಲದ ಮೊದಲು ಎಣ್ಣೆ ಒರೆಸುತ್ತೇನೆ.

ಕುತುಬುದ್ದೀನ್